ಎದೆನೋವಿಗೂ ದಿನಾರಿನ ಲೆಕ್ಕ

ಮೂರು ದಿನಗಳ ಎದೆನೋವನ್ನು ವಾಯುವೆಂದು ಸಹಿಸಿಕೊಂಡಿದ್ದ ಕುಂದಾಪುರ ಕಡೆಯ ಚಾಲಕರೊಬ್ಬರು ನನ್ನೆದುರು ಕುಳಿತು ಮೊದಲು ಕೇಳಿದ್ದು, “ಎಷ್ಟಾಗುತ್ತದೆ ಡಾಕ್ಟ್ರೇ?” ಎಂದು. ಆಗಿದ್ದುದು ಹೃದಯಾಘಾತ. ಸಿಪಿಆರ್ ಗುರುತುಚೀಟಿ ಅವರ ಕಿಸೆಯಲ್ಲೇ ಇತ್ತು. ಅದರ ಬಲ ಅವರಿಗೆ ತಿಳಿದಿರಲಿಲ್ಲ.

ಬಹ್ರೈನಿನಲ್ಲಿ ವಿದೇಶಿ ನೌಕರನ ಆರೋಗ್ಯಶುಲ್ಕವನ್ನು ಕಟ್ಟಬೇಕಾದವನು ಉದ್ಯೋಗದಾತ; ಬಹುಕಾಲ ಅದು ವರ್ಷಕ್ಕೆ 72 ದಿನಾರ್ ಇತ್ತು. ಪರವಾನಗಿ ಊರ್ಜಿತವಾಗಿದ್ದರೆ ಸರ್ಕಾರಿ ಆರೋಗ್ಯಕೇಂದ್ರ, ಅಲ್ಲಿಂದ ಸಲ್ಮಾನಿಯಾ ಆಸ್ಪತ್ರೆ. ತುರ್ತಿದ್ದರೆ ನೇರವಾಗಿ 999. 2018ರ 23ನೇ ಕಾನೂನು ವಿಮೆಯ ಹೊಣೆಯನ್ನೂ ಮಾಲೀಕನ ಮೇಲೆಯೇ ಹೊರಿಸಿತು. ಜಾರಿ ಮಾತ್ರ ನಿಧಾನ. ಪರವಾನಗಿ ಕಳೆದುಕೊಂಡವರು ಆಸ್ಪತ್ರೆಯ ಬಾಗಿಲಿಗೇ ಹೆದರುತ್ತಾರೆ. ನಾನು ಕಾಣುವ ತಡವಾದ ಕಾಯಿಲೆಗಳಲ್ಲಿ ಹೆಚ್ಚಿನವು ಇಂಥವರವು.

ಅಂದು ಸಂಜೆ ಊರಿನಿಂದ ಅಣ್ಣನ ಕರೆ: “ಕಳುಹಿಸಿಬಿಡಿ, ಮಣಿಪಾಲದಲ್ಲಿ ತೋರಿಸುತ್ತೇವೆ.” ಕಳುಹಿಸಲು ಅವರೇನು ಪಾರ್ಸೆಲ್ಲೇ? ಹೃದಯಾಘಾತವಾದವರನ್ನು ಹತ್ತಿಸಿಕೊಳ್ಳಲು ವಿಮಾನಸಂಸ್ಥೆಯು ವೈದ್ಯಕೀಯ ಒಪ್ಪಿಗೆ ಕೇಳುತ್ತದೆ. ರೋಗಿಯ ಸಮ್ಮತಿಯಿಲ್ಲದೆ ಅಣ್ಣನಿಗೂ ನಾನು ವಿವರ ಹೇಳಲಾರೆ. ಸಮ್ಮತಿ ದೊರೆತ ಮೇಲೆ ಆಂಜಿಯೋಗ್ರಾಮ್ ವರದಿ, ಬಿಡುಗಡೆಯ ಸಾರಾಂಶ, ಔಷಧಗಳ ಮೂಲ ಹೆಸರು, ಇವನ್ನು ಕೇಳಿ ಪಡೆಯಿರಿ ಎಂದೆ.

ಹೊರಡಲಿರುವವರಿಗೆ ಇನ್ನೊಂದು ಮಾತು. ಹತ್ತನೇ ತರಗತಿ ಮುಗಿಸದವರು ಇ-ಮೈಗ್ರೇಟ್ ಮೂಲಕ ಬಂದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುವವನಿಗೆ ಅದೂ ಇಲ್ಲ, ಇಲ್ಲಿನ ಮಾಲೀಕನ ಶುಲ್ಕವೂ ಇಲ್ಲ. ಏಜೆಂಟ್ ಇದನ್ನು ಹೇಳುವುದಿಲ್ಲ.

ಚಾಲಕರು ಈಗ ಮತ್ತೆ ಕೆಲಸದಲ್ಲಿದ್ದಾರೆ. ಅವರ ಸಿಪಿಆರ್ ಪ್ರತಿಯೊಂದು ಈಗ ಅಣ್ಣನ ಮೊಬೈಲಿನಲ್ಲೂ ಇದೆ.