ಊರು ಬದಲಾದ ಪಿಯಾನೊ ಮತ್ತು ಶ್ರುತಿಯ ತಗಾದೆ

ವಾದ್ಯವೊಂದನ್ನು ಒಂದು ಊರಿನಿಂದ ಮತ್ತೊಂದು ಊರಿಗೆ ಸಾಗಿಸಿದಾಗ ಅದರ ಶ್ರುತಿ ಕದಲುವುದು ಸಹಜ. ಶ್ರುತಿ ಕದಲಿತೆಂಬ ಮಾತ್ರಕ್ಕೆ ವಾದ್ಯವೇ ಕೆಟ್ಟಿತೆಂದಾಗಲಿ, ಸಾಗಿಸಿದವರು ಕೆಡಿಸಿದರೆಂದಾಗಲಿ ತೀರ್ಮಾನಿಸಲಾಗದು. ಈ ಭೇದವನ್ನು ತಿಳಿಯದೆ ಹೂಡುವ ತಗಾದೆಗಳಲ್ಲಿ ಹಣವೂ ಸ್ನೇಹವೂ ಒಟ್ಟಿಗೆ ವ್ಯಯವಾಗುತ್ತವೆ. ಬೆಂಗಳೂರಿನ ಮನೆಗಳಲ್ಲಿ ಮೂಲೆಗೆ ಸೇರಿದ ಹಳೆಯ ಪಿಯಾನೊಗಳು ಈಗೀಗ ಹೊಸೂರು, ಕೃಷ್ಣಗಿರಿಗಳ ಕಡೆಗೆ ಮಾರಾಟವಾಗಿಯೋ ದಾನವಾಗಿಯೋ ಬರುತ್ತಿರುವುದರಿಂದ, ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಕನ್ನಡಿಗರಿಗೆ ಪಿಯಾನೊ ತೀರ ಪರಕೀಯವಾದುದೇನಲ್ಲ. ಶ್ರೀವಿದ್ಯಾ ಅಂಕಿತದಲ್ಲಿ ಕೀರ್ತನೆಗಳನ್ನು ರಚಿಸಿದ ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತವರು. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಅವರು ಧನಸಹಾಯ ನೀಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಅರಮನೆಯ ಆ ವಾದ್ಯ ಇಂದು ನಮ್ಮ ಶಾಲಾ ಕುಟುಂಬಗಳ ನಡುಮನೆಗೂ ಬರುತ್ತಿದೆಯೆಂದರೆ ಸಂತೋಷವೇ. ಆದರೆ ಅದನ್ನು ಸಾಕುವ ಕ್ರಮ ತಿಳಿದಿರಬೇಕು.

ಪಿಯಾನೊದೊಳಗೆ 220ಕ್ಕೂ ಹೆಚ್ಚು ಉಕ್ಕಿನ ತಂತಿಗಳಿರುತ್ತವೆ. ಅವುಗಳ ಒಟ್ಟು ಎಳೆತ ಸುಮಾರು 15ರಿಂದ 20 ಟನ್ನು. ಈ ಭಾರವನ್ನು ತಡೆಯುವುದು ಎರಕದ ಕಬ್ಬಿಣದ ಚೌಕಟ್ಟು. ನಾದವನ್ನು ಹರಡುವುದು ಅದರ ಹಿಂದಿರುವ ತೆಳುವಾದ ಮರದ ಹಲಗೆ. ಕಬ್ಬಿಣವು ಊರು ಬದಲಾದರೂ ಅಷ್ಟಾಗಿ ಬದಲಾಗದು, ಮರ ಬದಲಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಹಲಗೆ ಉಬ್ಬಿ ತಂತಿಗಳನ್ನು ಮೇಲಕ್ಕೆ ಒತ್ತುತ್ತದೆ, ಶ್ರುತಿ ಏರುತ್ತದೆ. ಗಾಳಿ ಒಣಗಿದರೆ ಹಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಇದು ನಡುಸ್ಥಾಯಿಯ ಸ್ವರಗಳಲ್ಲಿ ಮೊದಲು ಗೋಚರಿಸುತ್ತದೆ.

ನಮ್ಮ ಸೀಮೆಯಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನಿಂದ ಹೊಸೂರಿಗಾದರೆ ಎತ್ತರದಲ್ಲಿಯೂ ಹವೆಯಲ್ಲಿಯೂ ದೊಡ್ಡ ಅಂತರವಿಲ್ಲ. ಶೂಲಗಿರಿಯನ್ನು ದಾಟಿ ಕೃಷ್ಣಗಿರಿಗೆ ಇಳಿದರೆ ಮುನ್ನೂರು ಮೀಟರಿಗೂ ಹೆಚ್ಚು ಕೆಳಗೆ, ಬೇರೆಯೇ ಬಿಸಿಲಿಗೆ ಬಂದಂತೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಗೆ ಇಳಿಸಿದ ವಾದ್ಯ ಒಣಗುತ್ತದೆ. ಅಕ್ಟೋಬರ್, ನವೆಂಬರಿನ ಹಿಂಗಾರಿನಲ್ಲಿ ಅದೇ ವಾದ್ಯ ಮತ್ತೆ ಉಬ್ಬುತ್ತದೆ. ವೀಣೆಯನ್ನು ಬಲ್ಲ ಮನೆಯವರಿಗೆ ಇದು ಹೊಸ ಮಾತಲ್ಲ. ಮೇಣದ ಮೇಲೆ ಕೂರಿಸಿದ ಅದರ 24 ಮೆಟ್ಟಿಲುಗಳು ಬಿರುಬಿಸಿಲಿನಲ್ಲಿ ಮೇಣ ಮೆದುವಾದಾಗ ಕದಲುವುದನ್ನೂ, ಮಳೆಗಾಲದಲ್ಲಿ ಮೃದಂಗದ ಚರ್ಮ ಸಡಿಲುವುದನ್ನೂ ಅವರು ಕಂಡಿದ್ದಾರೆ.

ಆದುದರಿಂದ ಮೊದಲ ನಿಯಮ: ಪಿಯಾನೊ ಮನೆಗೆ ಬಂದ ದಿನವೇ ಶ್ರುತಿ ಮಾಡಿಸಬಾರದು. ಎರಡರಿಂದ ನಾಲ್ಕು ವಾರ ಅದು ಹೊಸ ಗಾಳಿಗೆ ಹೊಂದಿಕೊಳ್ಳಲಿ. ಮರ ಇನ್ನೂ ಕದಲುತ್ತಿರುವಾಗ ಬಿರಡೆಗಳನ್ನು ತಿರುಗಿಸಿದರೆ ತಿಂಗಳೊಳಗೆ ಆ ಶ್ರಮವೂ ಶುಲ್ಕವೂ ನಷ್ಟ. ಅನಂತರ ವರ್ಷಕ್ಕೆ ಎರಡು ಬಾರಿ, ಪ್ರತಿವರ್ಷವೂ ಅದೇ ತಿಂಗಳುಗಳಲ್ಲಿ ಶ್ರುತಿ ಮಾಡಿಸುವುದು ಉತ್ತಮ. ಬಹುಕಾಲ ಶ್ರುತಿ ಕಾಣದೆ ಬಹಳ ಇಳಿದಿರುವ ವಾದ್ಯವನ್ನು ಒಂದೇ ಸಲ ನಿಲುಗಡೆಗೆ ತರಲಾಗದು. ಮೊದಲು ಸ್ಥೂಲವಾಗಿ ಏರಿಸಿ, ಕೆಲವು ವಾರಗಳ ಬಳಿಕ ಸೂಕ್ಷ್ಮವಾಗಿ ಹೊಂದಿಸಬೇಕು. ಆತುರಪಟ್ಟರೆ ಹಳೆಯ ತಂತಿಗಳು ಹರಿಯುವುದುಂಟು.

ಎರಡನೆಯದು ಸ್ಥಳ. ಬಿಸಿಲು ಬೀಳುವ ಕಿಟಕಿಯ ಬಳಿ, ಮಳೆಯ ನೀರು ಒಸರುವ ಹೊರಗೋಡೆಗೆ ಒತ್ತಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ, ಹವಾನಿಯಂತ್ರಕದ ಗಾಳಿ ನೇರವಾಗಿ ತಗಲುವಂತೆ ಇರಿಸಬಾರದು. ಒಳಗೋಡೆಯ ಪಕ್ಕದಲ್ಲಿ, ಗೋಡೆಯಿಂದ ಅಂಗೈಯಗಲ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಬೇಕು. ಗಾಳಿಯ ತೇವಾಂಶ ನೂರಕ್ಕೆ 40ರಿಂದ 60ರ ನಡುವೆ ಇದ್ದರೆ ಒಳ್ಳೆಯದು. ಅದು ದಿನದಿನಕ್ಕೆ ಏರಿಳಿಯದಿರುವುದು ಇನ್ನೂ ಮುಖ್ಯ. ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಕೋಣೆಯಲ್ಲಿರಿಸಿದರೆ ಊಹೆಗೆ ಆಸ್ಪದವಿರುವುದಿಲ್ಲ. ಹೂದಾನಿಯನ್ನಾಗಲಿ ನೀರಿನ ಲೋಟವನ್ನಾಗಲಿ ವಾದ್ಯದ ಮೇಲೆ ಇಡಬಾರದು. ಸುತ್ತಿಗೆಗಳ ಉಣ್ಣೆಗೆ ನುಸಿ ಹಿಡಿಯುತ್ತದೆ, ಕೆಳಗಿನ ಹಲಗೆಯ ಹಿಂದೆ ಇಲಿ ಗೂಡು ಕಟ್ಟುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡಬೇಕು.

ಇನ್ನು ತಗಾದೆಯ ಮಾತು. ಕಳೆದ ಬೇಸಿಗೆಯಲ್ಲಿ ಒಬ್ಬ ಪೋಷಕರು ನನ್ನ ಕಚೇರಿಗೆ ಬಂದಿದ್ದರು. ಮಗಳಿಗಾಗಿ ಬೆಂಗಳೂರಿನಿಂದ ಕೊಂಡು ತಂದ ಹಳೆಯ ಪಿಯಾನೊ ಹತ್ತೇ ದಿನಗಳಲ್ಲಿ ಅಪಸ್ವರ ನುಡಿಯತೊಡಗಿತ್ತು. ಸಾಗಣೆಯವರಿಗೆ ನೋಟೀಸು ಕಳುಹಿಸಬೇಕೆಂಬುದು ಅವರ ಆಗ್ರಹ. ಶ್ರುತಿಗಾರರಿಂದ ಮೊದಲು ಲಿಖಿತ ಅಭಿಪ್ರಾಯ ಪಡೆಯಿರೆಂದೆ. ನಾಲ್ಕನೆಯ ವಾರ ಬಂದ ಶ್ರುತಿಗಾರರು ಪೆಟ್ಟು ಬಿದ್ದ ಗುರುತಿಲ್ಲವೆಂದೂ ಮರ ಒಣಗಿ ಶ್ರುತಿ ಒಂದೇ ಸಮನೆ ಇಳಿದಿದೆಯೆಂದೂ ಬರೆದುಕೊಟ್ಟರು. ನೋಟೀಸಿನ ಅಗತ್ಯವೇ ಬೀಳಲಿಲ್ಲ. ಹುಡುಗಿ ಅದರಲ್ಲಿಯೇ ಅಭ್ಯಾಸ ಮುಂದುವರಿಸಿದ್ದಾಳೆ.

ಹಾಗಾದರೆ ನಿಜವಾದ ಹಾನಿಯನ್ನು ಗುರುತಿಸುವುದು ಹೇಗೆ? ಹವೆಯ ದೋಷವು ವಾದ್ಯದ ಉದ್ದಕ್ಕೂ ಹರಡಿರುತ್ತದೆ. ಪೆಟ್ಟಿನ ದೋಷ ಒಂದೆಡೆ ನಿಂತಿರುತ್ತದೆ: ಹರಿದ ತಂತಿ, ಒತ್ತಿದರೆ ಮೇಲೇಳದ ಮನೆ, ಬಾಗಿದ ಪೆಡಲ್ಲು, ಸೀಳಿದ ಕಾಲು, ಒಡೆದ ಹಲಗೆ. ಇಂಥವು ಕಂಡರೆ ಅಂದೇ ಛಾಯಾಚಿತ್ರ ತೆಗೆದು, ಸಾಗಣೆಯವರಿಗೆ ಬರಹದಲ್ಲಿ ತಿಳಿಸಬೇಕು. ಸಾಗಿಸುವ ಮುನ್ನವೇ ಪ್ರತಿಯೊಂದು ಮನೆಯನ್ನೂ ಒತ್ತಿ ನುಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಮುಂದೆ ಅದೇ ಸಾಕ್ಷ್ಯ.

2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ, ಸರಕು ಹಾನಿಗೊಂಡಾಗ ದಾವೆ ಹೂಡುವ ಮೊದಲು ಸಾಗಣೆದಾರರಿಗೆ ಲಿಖಿತ ನೋಟೀಸು ನೀಡಬೇಕು. ಅದೂ ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ. ಸರಕಿನ ಚೀಟಿಯಲ್ಲಿ ಬೆಲೆಯನ್ನು ಸರಿಯಾಗಿ ನಮೂದಿಸದಿದ್ದರೆ ಪರಿಹಾರವೂ ಕುಗ್ಗುತ್ತದೆ. ಆದುದರಿಂದ ಬಾಡಿಗೆ ಉಳಿಸಲು ‘ಹಳೆಯ ಸಾಮಾನು’ ಎಂದಷ್ಟೇ ಬರೆಸಬೇಡಿ. ಸೇವೆಯ ಲೋಪಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದಾದ ಕಾರಣ, ಸಾಗಣೆದಾರರು ಕರ್ನಾಟಕದವರಾದರೂ ನೀವು ಗಡಿ ದಾಟಿ ಅಲೆಯಬೇಕಾಗಿಲ್ಲ. ಶ್ರುತಿಗಾಗಿ ಮೂರು ನಾಲ್ಕು ವಾರ ಕಾಯ್ದರೂ ಈ ಯಾವ ಅವಧಿಯೂ ಮೀರಿಹೋಗದೆಂಬುದನ್ನು ಗಮನಿಸಿರಿ.

ಶಾಲೆಗೆ ಪಿಯಾನೊ ದಾನವಾಗಿ ಬಂದಾಗ ಮತ್ತೊಂದು ಎಚ್ಚರ ಬೇಕು. ಚರ ವಸ್ತುವಿನ ದಾನಕ್ಕೆ ನೋಂದಣಿ ಕಡ್ಡಾಯವಲ್ಲ. ವಸ್ತುವನ್ನು ಒಪ್ಪಿಸಿ, ಅದನ್ನು ಸ್ವೀಕರಿಸಿದರೆ ಸಾಕು. ಆದರೂ ದಾನಿಗಳಿಂದ ಒಂದು ಪತ್ರ ಪಡೆದು ದಾಸ್ತಾನು ವಹಿಯಲ್ಲಿ ದಾಖಲಿಸಬೇಕು. ಇಲ್ಲದಿದ್ದರೆ ದಾನಿಗಳ ಕಾಲಾನಂತರ ವಾರಸುದಾರರು ಬಂದು ಕೇಳಿದಾಗ ಮುಖ್ಯೋಪಾಧ್ಯಾಯರು ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ. ವರ್ಷಕ್ಕೆರಡು ಬಾರಿಯ ಶ್ರುತಿಯ ವೆಚ್ಚವನ್ನು ಯಾರು ಭರಿಸುವರೆಂಬುದನ್ನು ಪೋಷಕರ ಸಭೆಯಲ್ಲಿ ನಿರ್ಣಯಿಸಿದ ಮೇಲೆಯೇ ದಾನವನ್ನು ಸ್ವೀಕರಿಸುವುದು ವಿವೇಕ. ಆ ವೆಚ್ಚ ಭಾರವೆನಿಸಿದರೆ ಒಳ್ಳೆಯ ಹಾರ್ಮೋನಿಯಂ ಸಾಕು. ಅದರ ನಾದ ಹಿತ್ತಾಳೆಯ ನಾಲಗೆಗಳದ್ದಾದುದರಿಂದ ಹವೆಗೆ ಅಷ್ಟು ಬೇಗ ಶ್ರುತಿ ತಪ್ಪದು. ಧೂಳು ಹೊಗದಂತೆ, ತಿದಿ ಹರಿಯದಂತೆ ನೋಡಿಕೊಂಡರಾಯಿತು.

ಇದನ್ನೆಲ್ಲ ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ತಳಿ, ಬೇರಿಗೆ, ಡೆಂಕಣಿಕೋಟೆಗಳ ಕಡೆಯ ನಮ್ಮ ಅನೇಕ ಮಕ್ಕಳಿಗೆ ಸಂಗೀತದ ಪ್ರತ್ಯೇಕ ಗುರುಗಳಿಲ್ಲ. ಪ್ರಾರ್ಥನೆಯ ಹೊತ್ತಿಗೆ ನುಡಿಯುವ ಒಂದು ವಾದ್ಯವೇ ಅವರ ಕಿವಿಗೆ ಪಾಠ. ತಪ್ಪು ಶ್ರುತಿಯನ್ನು ವರ್ಷಗಟ್ಟಲೆ ಕೇಳಿದ ಕಿವಿ ಅದನ್ನೇ ಸರಿಯೆಂದು ನಂಬುತ್ತದೆ. ಅನಂತರ ತಿದ್ದುವುದು ಕಷ್ಟ.

ಬೆಂಗಳೂರಿನಿಂದ ಶ್ರುತಿಗಾರರನ್ನು ಕರೆಸಿದರೆ ಪ್ರಯಾಣದ ವೆಚ್ಚವೂ ಸೇರುತ್ತದೆ. ಪಿಯಾನೊ ಇರುವ ಮೂರು ನಾಲ್ಕು ಮನೆಗಳೂ ಶಾಲೆಯೂ ಒಂದೇ ದಿನವನ್ನು ಗೊತ್ತುಮಾಡಿಕೊಂಡರೆ ಆ ವೆಚ್ಚ ಹಂಚಿಹೋಗುತ್ತದೆ. ಹಿಂಗಾರು ಮಳೆ ನಿಂತು ಹವೆ ಸ್ಥಿರವಾಗುವ ಜನವರಿಯ ವೇಳೆ ಇದಕ್ಕೆ ಅನುಕೂಲ. ಈಗಿನಿಂದಲೇ ಪರಸ್ಪರ ಮಾತನಾಡಿಕೊಳ್ಳಿರಿ.