ಗಣಿಯ ಊರಿಗೆ ಚರಿತ್ರೆಯಿಲ್ಲವೆ?

ನಮ್ಮ ಸೀಮೆಯ ವಿದ್ವದ್ಗೋಷ್ಠಿಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಲಿದೆ. ಸ್ಥಳಚರಿತ್ರೆಯೆಂಬುದು ಶಾಸನ, ದೇವಾಲಯ, ಕೋಟೆ, ಅರಸುಮನೆತನ ಇವುಗಳಿಗೆ ಸಂಬಂಧಪಟ್ಟ ವಿದ್ಯೆಯಂತೆ. ಗುಡ್ಡವನ್ನು ಅಗೆದು ಅದಿರನ್ನು ಹೊತ್ತ ಕೂಲಿಯವರ ಕೇರಿಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವಂತೆ. ಅಂಥ ಊರುಗಳು ನಿನ್ನೆ ಹುಟ್ಟಿ ನಾಳೆ ಅಳಿಯತಕ್ಕವಾದುದರಿಂದ ಅವುಗಳ ನೆನಪನ್ನು ಬರೆದಿಡುವುದು ಕಾಲಹರಣವೇ ಹೊರತು ಸಾಹಿತ್ಯಸೇವೆಯಲ್ಲವಂತೆ. ಹೀಗೆನ್ನುವವರು ಅಜ್ಞರಲ್ಲ, ಹಳಗನ್ನಡವನ್ನು ಬಲ್ಲವರು, ಶಾಸನಗಳನ್ನು ಓದಿ ಅರ್ಥ ಹೇಳಬಲ್ಲವರು. ಆದುದರಿಂದಲೇ ಈ ಮಾತನ್ನು ಖಂಡಿಸುವುದು ಅವಶ್ಯವಾಗಿದೆ. ಅಲ್ಪಜ್ಞನ ತಪ್ಪು ಅವನ ಮನೆಯಲ್ಲಿಯೇ ಉಳಿಯುವುದು; ವಿದ್ವಾಂಸನ ತಪ್ಪು ಊರಿಗೆಲ್ಲ ಪಾಠವಾಗುವುದು.

ಮೊದಲು ನಾವು ಮಾತಾಡುತ್ತಿರುವುದು ಯಾವ ಊರುಗಳನ್ನು ಕುರಿತು ಎಂಬುದು ಸ್ಪಷ್ಟವಾಗಲಿ. ಕೂಡ್ಲಿಗಿಯ ಎಲ್ಲೆಯಾಚೆ ಸಂಡೂರಿನ ಗುಡ್ಡಗಳಿವೆ. 20ನೆಯ ಶತಮಾನದ ಮೊದಲ ದಶಕದಿಂದಲೂ, ಅಂದರೆ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದಾಗಿನಿಂದಲೂ, ಅಲ್ಲಿ ಮ್ಯಾಂಗನೀಸು ಅದಿರನ್ನು ತೆಗೆಯುತ್ತಿರುವರು. ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. ಬಳ್ಳಾರಿ ಸೀಮೆಯು 1953ರ ಅಕ್ಟೋಬರ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಯಿತು. 1977ರಲ್ಲಿ ದೋಣಿಮಲೈ ಗಣಿ ಕೆಲಸವಾರಂಭಿಸಿತು. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ಬಂದ ರೈಲುದಾರಿಯಿಂದ ಗುಂಡಾ ರೋಡಿನಲ್ಲಿ ಕವಲೊಡೆದು ಸ್ವಾಮಿಹಳ್ಳಿಗೆ ಹೋಗುವ ಹಳಿಯು ಈ ಅದಿರಿಗೇ ಋಣಿಯಾಗಿದೆ. ದೇವಗಿರಿ, ಸುಬ್ಬರಾಯನಹಳ್ಳಿ, ಸ್ವಾಮಿಹಳ್ಳಿ, ಯಶವಂತನಗರ ಇವು ನಮಗೆ ದೂರದ ಹೆಸರುಗಳಲ್ಲ. ನಮ್ಮ ಕೋಗಳಿ ನಾಡಿನ ಹಳ್ಳಿಗಳಿಂದಲೂ ಲಂಬಾಣಿ ತಾಂಡಗಳಿಂದಲೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಜನರು ಗಂಟುಮೂಟೆ ಕಟ್ಟಿ ಹೋದುದು ಅಲ್ಲಿಗೇ. ಶಾಲೆಯ ಹಾಜರಿಪುಸ್ತಕದಲ್ಲಿ ಬೇಸಗೆ ಬರುವ ಮೊದಲೇ ಗೈರುಹಾಜರಾಗುತ್ತಿದ್ದ ಮಕ್ಕಳು ಎಲ್ಲಿಗೆ ಹೋದರೆಂಬುದನ್ನು ನನ್ನ ವೃತ್ತಿಯವರು ಯಾರೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಈಗ ಪೂರ್ವಪಕ್ಷವನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯ ಆಕ್ಷೇಪ: ಬಾಯಿಮಾತು ಪ್ರಮಾಣವಲ್ಲ, ಮುದುಕರ ನೆನಪು ಕಾಲಕ್ಕೊಂದು ಬಣ್ಣ ತಾಳುವುದು, ಕಲ್ಲಿನಲ್ಲಿ ಕೊರೆದುದೇ ಪ್ರಮಾಣ. ಇದಕ್ಕೆ ಉತ್ತರವನ್ನು ನಾನು ಬೇರೆಡೆಯಿಂದ ತರಬೇಕಾಗಿಲ್ಲ. ಕೋಗಳಿಯ ಕಲ್ಲೇ ಕೊಡುತ್ತದೆ. ಇಲ್ಲಿಯ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುವೆವು. ಹಾಗೆಂದು ಹೇಳುವ ಶಾಸನ ಯಾವ ಕಾಲದ್ದು? 11ನೆಯ ಶತಮಾನದ್ದು. ದುರ್ವಿನೀತನ ಕಾಲವೋ 6ನೆಯ ಶತಮಾನ. ನಡುವೆ ಸುಮಾರು 500 ವರ್ಷಗಳು ಕಳೆದಿದ್ದವು. ಆ ಶಾಸನವನ್ನು ಬರೆದವನು ದುರ್ವಿನೀತನನ್ನು ಕಂಡವನಲ್ಲ, ಕಂಡವರನ್ನು ಕಂಡವನೂ ಅಲ್ಲ. ತಲೆತಲಾಂತರದಿಂದ ಬಂದ ಸ್ಮೃತಿಯನ್ನು ಕಲ್ಲಿಗೆ ಇಳಿಸಿದವನು. 500 ವರ್ಷದ ನೆನಪು ಕಲ್ಲಿಗೇರಿದೊಡನೆ ಪ್ರಮಾಣವಾಗುವುದಾದರೆ, 50 ವರ್ಷದ ಹಿಂದೆ ತಾನೇ ಸುತ್ತಿಗೆ ಹಿಡಿದು ಅದಿರು ಒಡೆದವಳು ಇಂದು ತನ್ನ ಬಾಯಿಂದ ಹೇಳುವುದು ಅಪ್ರಮಾಣವಾಗುವುದು ಯಾವ ತರ್ಕದಿಂದ? ನೈಯಾಯಿಕರು ಆಪ್ತವಾಕ್ಯವನ್ನು ಶಬ್ದಪ್ರಮಾಣವೆಂದು ಒಪ್ಪಿದರು; ಆಪ್ತನೆಂದರೆ ಇದ್ದುದನ್ನು ಇದ್ದಂತೆ ಬಲ್ಲವನು, ಬಲ್ಲುದನ್ನು ಹೇಳುವವನು. ಅವನು ಅಕ್ಷರಸ್ಥನಾಗಿರಬೇಕೆಂದಾಗಲಿ ಕುಲೀನನಾಗಿರಬೇಕೆಂದಾಗಲಿ ಅವರು ಹೇಳಲಿಲ್ಲ. ‘ಇತಿಹಾಸ’ವೆಂಬ ಶಬ್ದವನ್ನೇ ಬಿಡಿಸಿ ನೋಡಿದರೆ ‘ಹೀಗೆ ಇತ್ತಂತೆ’ ಎಂಬ ಕೇಳಿಕೆಯ ಧ್ವನಿ ಅದರಲ್ಲಿದೆ.

ನೆನಪಿನಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಶಾಸನದಲ್ಲಿ ದೋಷವಿಲ್ಲವೆ? ಹತ್ತು ಹಳ್ಳಿಗಳ ಒಡೆಯನನ್ನೂ ಪ್ರಶಸ್ತಿಕಾರನು ಶತ್ರುಗಳಿಗೆ ಸಿಂಹವೆಂದು ಹೊಗಳುವನು. ನಾವು ಆ ಹೊಗಳಿಕೆಯನ್ನು ಸೋಸಿ ಸಂಗತಿಯನ್ನು ತೆಗೆದುಕೊಳ್ಳುವೆವು, ಶಾಸನವನ್ನೇ ಬಿಸುಡುವುದಿಲ್ಲ. ಅದೇ ಸೋಸುವಿಕೆಯನ್ನು ನೆನಪಿಗೂ ಅನ್ವಯಿಸಬಹುದು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ, ಇಬ್ಬರ ಮಾತನ್ನೂ ಕಾಗದಪತ್ರದೊಡನೆ ತಾಳೆ ನೋಡಬಹುದು. ವಿವೇಚನೆಯ ಶ್ರಮಕ್ಕೆ ಹೆದರಿ ಆಕರವನ್ನೇ ನಿರಾಕರಿಸುವುದು ವಿದ್ವತ್ತಲ್ಲ, ಆಲಸ್ಯ.

ಎರಡನೆಯ ಆಕ್ಷೇಪ: ವಿಷಯವೇ ಅಲ್ಪವಾದುದು, ಕೂಲಿಯವರ ಬಾಳಿನಲ್ಲಿ ಬರೆದಿಡತಕ್ಕದ್ದೇನಿದೆ? ಇದನ್ನು ಕೇಳುವವರು ನಮ್ಮ ಊರಬಾಗಿಲುಗಳಲ್ಲಿ ನಿಂತ ವೀರಗಲ್ಲುಗಳನ್ನು ಒಮ್ಮೆ ನೆನೆಯಬೇಕು. ತುರುಗಳನ್ನು ಕಳ್ಳರು ಅಟ್ಟಿಕೊಂಡು ಹೋಗುವಾಗ ಅಡ್ಡ ನಿಂತು ಕಾದಿ ಸತ್ತವನು ಬಹುಮಟ್ಟಿಗೆ ಅರಸನಲ್ಲ, ದಂಡನಾಯಕನಲ್ಲ. ಊರಿನ ಒಬ್ಬ ಸಾಮಾನ್ಯ ಗೃಹಸ್ಥ ಅಥವಾ ಆಳು. ಅವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು, ಹೆಸರು ಬರೆಸಿದರು, ಅವನ ಮಕ್ಕಳಿಗೆ ಭೂಮಿಯನ್ನೂ ಬಿಟ್ಟರು. ದುಡಿದು ಸತ್ತವನ ಹೆಸರು ಉಳಿಯಬೇಕೆಂಬುದು ಹೊರಗಿನಿಂದ ಬಂದ ನೂತನ ವಾದವಲ್ಲ. ಇದು ಈ ಮಣ್ಣಿನ ಹಳೆಯ ಧರ್ಮ. ಅದನ್ನು ಮರೆತವರು ನಾವು. ಗುಡ್ಡದ ಮಗ್ಗುಲು ಜರಿದು, ಸಿಡಿಮದ್ದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಗಾಡಿ ಉರುಳಿ ಸತ್ತವರಿಗೆ ಯಾವ ಕಲ್ಲನ್ನು ನಿಲ್ಲಿಸಿದ್ದೇವೆ? ದನವನ್ನು ಉಳಿಸಿದವನ ಹೆಸರು ಸಾವಿರ ವರ್ಷದ ಮೇಲೂ ಓದಲು ಸಿಕ್ಕುತ್ತದೆ. ನಮ್ಮ ಕಾಲದಲ್ಲೇ ಗಣಿಯಲ್ಲಿ ಸತ್ತವನ ಹೆಸರನ್ನು ತಿಳಿಯಬೇಕಾದರೆ ಅವನ ವಿಧವೆಯನ್ನು ಹುಡುಕಬೇಕು.

ಮೂರನೆಯ ಆಕ್ಷೇಪ: ಬಳ್ಳಾರಿಯ ಗಣಿಯ ವಿಷಯ ಬೇಕಾದಷ್ಟು ಬರೆಯಲ್ಪಟ್ಟಿದೆಯಲ್ಲ, ಇನ್ನೇನು ಉಳಿದಿದೆ? ಬರೆಯಲ್ಪಟ್ಟಿರುವುದೇನೋ ನಿಜ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು 1895ರಲ್ಲಿಯೇ ಈ ಜಿಲ್ಲೆಯ ಶಿಲೆಗಳ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. 2008 ಮತ್ತು 2011ರಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಮೇಲೆ ವರದಿಗಳನ್ನು ಸಲ್ಲಿಸಿದರು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ಮೂರು ವರ್ಗ ಮಾಡಿ, ಘೋರ ಅಕ್ರಮವೆಸಗಿದವುಗಳ ಗುತ್ತಿಗೆಯನ್ನು ರದ್ದುಮಾಡಿತು. ಇವೆಲ್ಲವೂ ಅಮೂಲ್ಯ ದಾಖಲೆಗಳು. ಆದರೆ ಫೂಟನ ಗ್ರಂಥದಲ್ಲಿ ಕಲ್ಲಿದೆ, ವರದಿಗಳಲ್ಲಿ ಲೆಕ್ಕವಿದೆ, ತೀರ್ಪಿನಲ್ಲಿ ಗುತ್ತಿಗೆಯಿದೆ. ಅದಿರನ್ನು ಹೊತ್ತವರು ಎಲ್ಲಿದ್ದಾರೆ? ಕುರುಡರು ಆನೆಯನ್ನು ಮುಟ್ಟಿ ನೋಡಿದ ನ್ಯಾಯದಂತೆ ಒಬ್ಬೊಬ್ಬರು ಒಂದೊಂದು ಅಂಗವನ್ನು ಹೇಳಿದ್ದಾರೆ. ಕಾಲನ್ನು, ಅಂದರೆ ಭಾರವನ್ನೆಲ್ಲ ಹೊತ್ತು ನಿಂತ ಅಂಗವನ್ನು, ಯಾರೂ ಮುಟ್ಟಿಲ್ಲ. ಗಣಿಯ ಒಡೆಯರು ಶ್ರೀಮಂತರಾದ ಕಥೆ ಎಲ್ಲರಿಗೂ ಬಾಯಿಪಾಠ. ಕೈಯಿಂದ ಅದಿರನ್ನು ಆಯ್ದು, ಒಡೆದು, ಬುಟ್ಟಿಯಲ್ಲಿ ಹೊರುತ್ತಿದ್ದ ಕೆಲಸಕ್ಕೆ ದೊಡ್ಡ ಯಂತ್ರಗಳು ಬಂದಾಗ ಬುಟ್ಟಿಯ ಹೆಂಗಸರು ಎಲ್ಲಿಗೆ ಹೋದರು? 2011ರಲ್ಲಿ ಕೆಲಸ ನಿಂತ ದಿನ ತಾಂಡದ ಒಲೆಗಳು ಹೇಗೆ ಉರಿದವು? ಇದಕ್ಕೆ ಉತ್ತರ ಹೇಳುವ ಪುಟಗಳು ಬೇಕು.

ನಾಲ್ಕನೆಯ ಆಕ್ಷೇಪವು ಬಾಯಿಬಿಟ್ಟು ಹೇಳಲ್ಪಡುವುದಿಲ್ಲ. ಆದರೆ ಎಲ್ಲಕ್ಕಿಂತ ಬಲವಾದುದು ಅದೇ. ಈ ಗೊಡವೆ ನಮಗೇಕೆ, ದೊಡ್ಡವರ ಅಸಮಾಧಾನಕ್ಕೆ ಗುರಿಯಾಗುವುದೇಕೆ ಎಂಬ ಸಂಕೋಚವದು. ಇದಕ್ಕೆ ನನ್ನ ಸಮಾಧಾನವಿಷ್ಟೆ: ನೆನಪನ್ನು ಬರೆದಿಡುವುದು ದೂರು ಕೊಡುವುದಲ್ಲ. ಗಣಿಯು ಅನ್ನವನ್ನೂ ಕೊಟ್ಟಿತು, ಶಾಲೆ ಆಸ್ಪತ್ರೆಗಳನ್ನೂ ತಂದಿತು. ಹಾಗೆಂದು ಹೇಳುವವರ ಮಾತನ್ನೂ ಬರೆಯೋಣ. ಕೆಂಧೂಳಿನಿಂದ ಜೋಳದ ತೆನೆ ಕೆಟ್ಟಿತೆನ್ನುವ ರೈತನ ಮಾತನ್ನೂ ಬರೆಯೋಣ. ಎರಡನ್ನೂ ಬರೆದವನಿಗೆ ಹೆದರಿಕೆ ಇರಬೇಕಾಗಿಲ್ಲ.

ಅನ್ಯದೇಶದ ಒಂದು ದೃಷ್ಟಾಂತವನ್ನು ಇಲ್ಲಿ ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳು 1606ರ ಶಾಸನವೊಂದರಿಂದ ತಮ್ಮ ಗಣಿಗೇ ಕಟ್ಟುಬಿದ್ದಿದ್ದರು. 1775 ಮತ್ತು 1799ರ ಕಾಯಿದೆಗಳು ಬರುವವರೆಗೆ ಒಡೆಯನ ಅನುಮತಿಯಿಲ್ಲದೆ ಬಿಟ್ಟುಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಹೆಂಗಸರೂ ಹುಡುಗಿಯರೂ ಕಲ್ಲಿದ್ದಲಿನ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಪಾತಾಳದಿಂದ ಏಣಿ ಹತ್ತುತ್ತಿದ್ದರು. ಸರಕಾರ ನೇಮಿಸಿದ ವಿಚಾರಣಾಧಿಕಾರಿಗಳು ಓದುಬರಹವಿಲ್ಲದ ಆ ಹೆಂಗಸರನ್ನೂ ಮಕ್ಕಳನ್ನೂ ಕೂಡಿಸಿ ಕೇಳಿ, ಅವರ ಹೇಳಿಕೆಗಳನ್ನು ಬರೆದುಕೊಂಡರು. 1842ರಲ್ಲಿ ಆ ವರದಿ ಪ್ರಕಟವಾಯಿತು. ಅದೇ ವರ್ಷ ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ಭೂಗರ್ಭದ ಕೆಲಸಕ್ಕೆ ಇಳಿಸಕೂಡದೆಂದು ಪಾರ್ಲಿಮೆಂಟು ಕಾಯಿದೆ ಮಾಡಿತು. ಬಾಯಿಮಾತು ಪ್ರಮಾಣವಲ್ಲವೆಂದು ಅಂದು ಯಾರಾದರೂ ಕಾಗದವನ್ನು ಮಡಚಿಟ್ಟಿದ್ದರೆ ಆ ಬುಟ್ಟಿಗಳು ಇನ್ನೆಷ್ಟು ವರ್ಷ ಏಣಿಯ ಮೇಲೆ ಇರುತ್ತಿದ್ದವೋ! ಅದೇ ದೇಶದ ಗ್ಲೆನ್‌ಬಕ್ ಎಂಬ ಗಣಿಯ ಹಳ್ಳಿಯಲ್ಲಿ ಇಂದು ಊರಿಲ್ಲ. ಗಣಿ ಮುಚ್ಚಿ ಜನ ಚದುರಿದ ಮೇಲೆ ಅಲ್ಲಿಯ ನೆಲವನ್ನೂ ತೆರೆದ ಗಣಿ ನುಂಗಿತು. ಆದರೂ ಅಲ್ಲಿ ಹುಟ್ಟಿ ಕಾಲ್ಚೆಂಡಿನಾಟದಲ್ಲಿ ಹೆಸರಾದ ಬಿಲ್ ಶಾಂಕ್ಲಿಯ ಸ್ಮಾರಕವನ್ನು ನೋಡಲು ಜನರು ಬರುತ್ತಾರೆ. ಊರು ಅಳಿದರೂ ಊರಿನ ಹೆಸರು ಅಳಿಯಲಿಲ್ಲ; ಏಕೆಂದರೆ ಹೇಳುವವರಿದ್ದರು, ಬರೆಯುವವರೂ ಇದ್ದರು.

ಅಷ್ಟು ದೂರವೇಕೆ? ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಭೂಮಿಯೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಮನುಷ್ಯರು ಇಳಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯ ಕಾರ್ಮಿಕರು 1930ರಲ್ಲಿ ಮಾಡಿದ ಮುಷ್ಕರವನ್ನೂ, 1946ರ ನವೆಂಬರ 4ರಂದು ಪೊಲೀಸರ ಗುಂಡಿಗೆ ಬಲಿಯಾದವರನ್ನೂ ಆ ಊರಿನವರು ಮರೆತಿಲ್ಲ. ಜಾನಕಿ ನಾಯರರು 1998ರಲ್ಲಿ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿ ಮೈಸೂರು ಸಂಸ್ಥಾನದ ಕಾರ್ಮಿಕರನ್ನು ಚರಿತ್ರೆಯ ಒಳಮನೆಗೆ ಕರೆತಂದರು. ಕುದುರೆಮುಖದ ಗಣಿ 2005ರ ಕೊನೆಯ ದಿನ ನಿಂತಿತು. ಅದಕ್ಕಾಗಿಯೇ ಎದ್ದ ಪಟ್ಟಣ ಬರಿದಾಗುತ್ತ ಬಂತು. ಚಿನ್ನಕ್ಕೆ ಆದ ಗತಿಯೇ ಕಬ್ಬಿಣಕ್ಕೂ ಒಂದು ದಿನ ಆಗತಕ್ಕದ್ದು. ಅದಿರು ಬೆಳೆಯುವ ಪೈರಲ್ಲ, ತೆಗೆದದ್ದು ತೀರಿತು. ತೀರುವ ಮೊದಲೇ ಬರೆಯಬೇಕೋ, ತೀರಿದ ಮೇಲೆ ತಡಕಾಡಬೇಕೋ?

ಇದು ಕೇವಲ ಭಾವನೆಯ ಮಾತೆಂದು ಯಾರೂ ತಿಳಿಯಬಾರದು. ಎರಡು ವ್ಯಾವಹಾರಿಕ ಸಂಗತಿಗಳನ್ನು ನಿವೇದಿಸುತ್ತೇನೆ. ಗಣಿಯ ದೂಳಿನಿಂದ ಬರುವ ಶ್ವಾಸಕೋಶದ ರೋಗವನ್ನೂ ಮ್ಯಾಂಗನೀಸಿನ ವಿಷವನ್ನೂ ನಮ್ಮ ಕಾಯಿದೆಗಳು ವೃತ್ತಿಜನ್ಯ ರೋಗಗಳೆಂದು ಒಪ್ಪಿವೆ. ಆದರೆ ಪರಿಹಾರ ಕೇಳುವ ಮುದುಕನು ತಾನು ಇಂಥ ವರ್ಷ ಇಂಥಲ್ಲಿ ದುಡಿದೆನೆಂದು ಸಿದ್ಧಪಡಿಸಬೇಕು. ಮೇಸ್ತ್ರಿಯ ಕೈಕೆಳಗೆ ಬಟವಾಡೆ ಪಡೆದವನಿಗೆ ಯಾವ ಕಾಗದವಿರುವುದು? ಜೊತೆಗೆ ದುಡಿದವರ ಹೇಳಿಕೆಯೇ ಅವನ ಆಸ್ತಿ; ಆ ಜೊತೆಗಾರರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಎರಡನೆಯದು: ನ್ಯಾಯಾಲಯದ ಅಪ್ಪಣೆಯಂತೆ ಗಣಿಯಿಂದ ಕೆಟ್ಟ ನೆಲವನ್ನು ಸರಿಪಡಿಸಲು ಸಾವಿರಾರು ಕೋಟಿ ರೂಪಾಯಿಗಳ ನಿಧಿ ಇದೆ. ಯಾವ ಬೋರೆಯ ಕೆಳಗೆ ಒರತೆಯಿತ್ತು, ಯಾವ ಹಳ್ಳ ಯಾವ ಕೆರೆಗೆ ಬೀಳುತ್ತಿತ್ತು, ದನ ಮೇಯುವ ದಾರಿ ಎಲ್ಲಿತ್ತು ಎಂಬುದನ್ನು ಎಲ್ಲ ನಕಾಶೆಗಳೂ ಹೇಳಲಾರವು. ಕುರಿ ಕಾಯ್ದವನು ಹೇಳಬಲ್ಲನು. ಇದ್ದುದೇನೆಂಬುದನ್ನೇ ಅರಿಯದೆ ಇದ್ದಂತೆ ಮಾಡುವುದು ಹೇಗೆ?

ಆದುದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಒಂದನೆಯದು, ಈ ಮಾಸಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ಎರಡು ಪುಟಗಳನ್ನು ಗಣಿಯ ಊರುಗಳ ನೆನಪಿಗೆ ಮೀಸಲಿಡಬೇಕು. ಹೇಳಿದವರ ನುಡಿಯನ್ನು, ಲಂಬಾಣಿಯಾದರೆ ಲಂಬಾಣಿಯನ್ನೂ ಕನ್ನಡ ಲಿಪಿಯಲ್ಲಿ, ತಿದ್ದದೆ ಅಚ್ಚುಮಾಡಬೇಕು. ಎರಡನೆಯದು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲಾ ಉಪಾಧ್ಯಾಯರು ತಮ್ಮ ಮೇಲಿನ ತರಗತಿಯ ಮಕ್ಕಳಿಗೆ ಅಜ್ಜ ಅಜ್ಜಿಯರನ್ನು ಕೇಳಿ ಬರೆಯುವ ಪಾಠವನ್ನು ಕೊಡಬೇಕು: ಯಾವ ಗುಡ್ಡ, ಯಾವ ವರ್ಷ, ದಿನಕ್ಕೆಷ್ಟು ಕೂಲಿ, ಯಾವ ಹಬ್ಬಕ್ಕೆ ರಜೆ, ಯಾರು ಸತ್ತರು. ಇಂದು ಪ್ರತಿಯೊಂದು ಮನೆಯಲ್ಲಿಯೂ ಮೊಬೈಲೆಂಬ ಯಂತ್ರವಿದ್ದು, ದನಿಯನ್ನು ಹಿಡಿದಿಡುವುದಕ್ಕೆ ಕಾಸಿನ ಖರ್ಚೂ ಇಲ್ಲ. ಮೂರನೆಯದು, ಹಳೆಯ ಹಾಜರಿಚೀಟಿ, ಭಾವಚಿತ್ರ, ಕಾರ್ಮಿಕ ಸಂಘದ ಕರಪತ್ರ ಇವುಗಳನ್ನು ಮನೆಯವರ ಅನುಮತಿಯಿಂದ ಪ್ರತಿ ಮಾಡಿಸಿ ಕಾಪಿಡಬೇಕು.

ಬಳ್ಳಾರಿ ಜಿಲ್ಲೆಯು ಒಡೆದು 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಸಂಡೂರು ಅತ್ತ ಉಳಿಯಿತು, ನಾವು ಇತ್ತ ಬಂದೆವು. ಕಂದಾಯದ ಗಡಿ ಬೇರೆಯಾಯಿತೆಂದು ಬೆವರಿನ ಲೆಕ್ಕ ಬೇರೆಯಾಗುವುದಿಲ್ಲ. ಶಾಸನಗಳನ್ನು ಓದುವ ಕೆಲಸ ನಿಲ್ಲಲೆಂದು ನಾನು ಹೇಳುವವನಲ್ಲ. ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲುದು. ಎಪ್ಪತ್ತು ದಾಟಿದ ಕೂಲಿಹೆಂಗಸು ಕಾಯಲಾರಳು. ಯಾವುದನ್ನು ಮೊದಲು ಓದಬೇಕೆಂಬುದನ್ನು ಪ್ರಾಜ್ಞರಾದ ವಾಚಕರೇ ನಿರ್ಣಯಿಸಲಿ.