ಬುತ್ತಿ ಕಟ್ಟಿದವಳೂ ಬೆಟ್ಟ ಹತ್ತಲಿ



ದೀಪಾವಳಿಯ ಗಡಿಬಿಡಿ ಮುಗಿಯಿತು. ಡಬ್ಬಿಯ ತಳದಲ್ಲಿ ಚಕ್ಕುಲಿಯ ಚೂರಷ್ಟೇ ಉಳಿದಿದೆ. ಬಿಸಿಲು ಸ್ವಲ್ಪ ಮೆತ್ತಗಾಗಿದೆ. "ಎಲ್ಲಿಗರೆ ಹೋಗೂಣು ಬಾರಬೇ ಯವ್ವಾ" ಎಂದು ಮಕ್ಕಳು ಸೆರಗು ಜಗ್ಗುವ ಕಾಲವಿದು. ಈ ಸಲ ಅಡುಗೆಮನೆಯಿಂದ ಒಂದು ದಿನದ ಮಟ್ಟಿಗೆ ಹೊರಬಿದ್ದು ಆನೆಗುಂದಿಗೆ ಹೋಗಿಬರುವ ವಿಚಾರ ಹೇಳುತ್ತೇನೆ.

ಹಂಪಿಯನ್ನು ನೋಡಲು ದೇಶ ವಿದೇಶದವರು ಬರುತ್ತಾರೆ. ಆದರೆ ಹೊಳೆಯ ಈಚೆ ದಂಡೆಯಲ್ಲಿ, ನಮ್ಮ ಗಂಗಾವತಿ ತಾಲೂಕಿನಲ್ಲೇ ಇರುವ ಆನೆಗುಂದಿಯನ್ನು ನಮ್ಮಲ್ಲಿ ಎಷ್ಟು ಜನ ಸಾವಕಾಶವಾಗಿ ನೋಡಿದ್ದೇವೆ? 1336ರಲ್ಲಿ ಆಚೆ ದಂಡೆಯಲ್ಲಿ ವಿಜಯನಗರ ಏಳುವ ಮೊದಲೇ ಇಲ್ಲಿ ಕೋಟೆಯಿತ್ತು. ನನ್ನ ಮಟ್ಟಿಗೆ ಆನೆಗುಂದಿ ಎಂದರೆ ಹಂಪಿಯ ತವರುಮನೆ. ಊರ ಹಿಂದಿನ ಗುಡ್ಡದ ಮೇಲೆ ಹಳೆಯ ಕೋಟೆ, ಊರೊಳಗೆ ಗಗನಮಹಲು, ಅರಸು ಮನೆತನದವರ ಹಳೆಯ ಅರಮನೆ, ರಂಗನಾಥನ ಗುಡಿ. ಕೆಳಗೆ ತುಂಗಭದ್ರೆ.

ಎರಡು ವರ್ಷದ ಹಿಂದೆ ನಾವೂ ಹೋಗಿದ್ದೆವು. ಅದನ್ನು ಮೊದಲು ಹೇಳಿಬಿಡುತ್ತೇನೆ. ನಸುಕಿನ ಮೂರು ಗಂಟೆಗೆ ಎದ್ದು ರೊಟ್ಟಿ, ಪಲ್ಯ, ಚಿತ್ರಾನ್ನ, ಹೋಳಿಗೆ ಎಂದು ನಾಲ್ಕು ಚೀಲ ತುಂಬಿದೆ. ಅಂಜನಾದ್ರಿಯ ಬುಡಕ್ಕೆ ಬಂದಾಗ ಪ್ರಶ್ನೆ ಬಂತು: ಚೀಲ ಯಾರು ಕಾಯಬೇಕು? ಯಾರೂ ನನ್ನನ್ನು ಕೂಡು ಎನ್ನಲಿಲ್ಲ. ನಾನೇ ಕೂತೆ. ಎಲ್ಲರೂ ಹತ್ತಿ ಇಳಿದು ಬರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಉಂಡು ಪಾತ್ರೆ ತೊಳೆದು ಕಟ್ಟುವಾಗ "ಬಸ್ ತಪ್ಪತೈತಿ" ಎಂಬ ಗಡಿಬಿಡಿ. ಅರಮನೆಯೂ ಇಲ್ಲ, ಹೊಳೆಯೂ ಇಲ್ಲ. ಮನೆಗೆ ಬಂದ ಮೇಲೆ ಪಕ್ಕದ ಮನೆಯ ವೈನಿ "ಹೆಂಗಿತ್ರಿ ಬೆಟ್ಟ?" ಎಂದರು. ಏನು ಹೇಳಲಿ? ನಾನು ನೋಡಿದ್ದು ಹತ್ತು ಜೊತೆ ಚಪ್ಪಲಿ.

ಇದು ಬೇರೆಯವರ ಮೇಲಿನ ದೂರಲ್ಲ, ತಾಯಿ. ತಪ್ಪು ನನ್ನ ಯೋಜನೆಯದು. ಏನು ತಿನ್ನಬೇಕು ಎಂದು ವಾರ ಮೊದಲೇ ಬರೆದಿಟ್ಟಿದ್ದೆ, ಯಾರು ಯಾವಾಗ ಕೂಡಬೇಕು ಎಂದು ಬರೆದಿರಲಿಲ್ಲ.

ಹೋದ ಚಳಿಗಾಲ ಮತ್ತೆ ಹೊರಟೆವು. ಅತ್ತೆಯವರಿಗೆ ಮೊಣಕಾಲು ನೋವು, ಮನೆ ನೋಡಿಕೊಂಡಿರಲಿ ಎಂದು ನಾನೇ ತೀರ್ಮಾನಿಸಿದ್ದೆ. ಅವರು ಹಪ್ಪಳ ತಿರುವುತ್ತಾ ಹೇಳಿದರು: "ನನ್ನನ್ನೂ ಒಂದ್ ಮಾತು ಕೇಳಬೇಕಿತ್ತವಾ. ನಾ ಬರ್ತೀನಿ. ಹೋದ ಸಲ ನೀ ಕುಂತಿದ್ದಿ, ಈ ಸಲ ಕೆಳಗ ನಾ ಕೂಡ್ತೀನಿ. ನೀ ಹತ್ತಿ ಬಾ." ನನಗೆ ಮಾತೇ ಹೊರಡಲಿಲ್ಲ. ಆ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದು ಒಳ್ಳೆಯದೇ ಆಯಿತು.

ಇನ್ನು ನಾವು ಮಾಡಿದ ಯೋಜನೆ ಕೇಳಿ.

ಬಸ್ಸು: ಕುಷ್ಟಗಿ ಕಡೆಯವರು ನೇರ ಗಂಗಾವತಿಗೆ, ಯಲಬುರ್ಗಾದವರು ಕೊಪ್ಪಳದ ಮೇಲೆ ಗಂಗಾವತಿಗೆ ಬರಬಹುದು. ಅಲ್ಲಿಂದ ಆನೆಗುಂದಿಗೆ ಬಸ್ಸು, ಆಟೋ ಎರಡೂ ಇವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ಮರೆಯಬೇಡಿ, ಶೂನ್ಯ ಟಿಕೆಟನ್ನೂ ಕೇಳಿ ಪಡೆಯಿರಿ. ನಮ್ಮ ಮನೆಯಲ್ಲಿ ಗಂಡಸರದಷ್ಟೇ ಖರ್ಚು!

ದಿನ: ಶನಿವಾರ ಬೇಡ, ಹನುಮಪ್ಪನ ವಾರ, ಜನ ಬಹಳ. ಡಿಸೆಂಬರಿನಲ್ಲಿ ಹನುಮಮಾಲೆಯ ದಿನಗಳಲ್ಲಂತೂ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವೆ ಹೋಗಿ. ಬೇಸಿಗೆಯಲ್ಲಿ ಈ ಕಲ್ಲುಗುಡ್ಡಗಳು ಕಾದ ಹಂಚು, ಆಗ ಮಕ್ಕಳನ್ನು ಕರೆದೊಯ್ಯಬೇಡಿ.

ಬುತ್ತಿ: ನಾಲ್ಕು ಚೀಲ ಬೇಡ, ಎರಡೇ ಸಾಕು. ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿಯನ್ನು ಎರಡು ದಿನ ಮೊದಲೇ ಬಡಿದು ಬಟ್ಟೆಯಲ್ಲಿ ಕಟ್ಟಿಡಿ. ಜೊತೆಗೆ ಶೇಂಗಾ ಹಿಂಡಿ, ಎಣ್ಣೆ ಮೇಲೆ ತೇಲುವಂಥ ಬದನೆಕಾಯಿ ಎಣ್ಣೆಗಾಯಿ. ನಸುಕಿನಲ್ಲಿ ಮಾಡುವುದು ಮೊಸರು ಬುತ್ತಿ ಒಂದೇ. ಎರಡು ವಾಟಿ ಅಕ್ಕಿಯನ್ನು ನೀರು ಹೆಚ್ಚಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಮಸೆಯಿರಿ. ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಎರಡು ವಾಟಿ, ಮೊಸರು ಎರಡೇ ಚಮಚ, ಉಪ್ಪು ಹಾಕಿ ಕಲಸಿ. ಸಾಸಿವೆ, ಜೀರಿಗೆ, ಹಸಿಮೆಣಸು, ಶುಂಠಿ, ಕರಿಬೇವಿನ ಒಗ್ಗರಣೆ ಕೊಡಿ. ಉಳ್ಳಾಗಡ್ಡಿ ಹಾಕಬೇಡಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಏರುವುದಿಲ್ಲ. ಬಾಯಿ ಮುಚ್ಚುವ ಡಬ್ಬಿಯಲ್ಲೇ ಒಯ್ಯಿರಿ. ಕೈಯಲ್ಲಿ ಬಾಳೆಹಣ್ಣಿನ ಚೀಲ ಕಂಡರೆ ಮಂಗ್ಯಾಗಳು ಕಸಿದೇ ಬಿಡುತ್ತವೆ.

ಬೆಟ್ಟ: ಬಿಸಿಲೇರುವ ಮುಂಚೆ ಅಂಜನಾದ್ರಿ. ಮೆಟ್ಟಿಲು 575. ಸರದಿ ಮೊದಲೇ ಗೊತ್ತು ಮಾಡಿ. ಹೊರೆ ಕಡಿಮೆಯಾದ್ದರಿಂದ ನಮ್ಮ ಅತ್ತೆಯವರೊಬ್ಬರೇ ನೆರಳಲ್ಲಿ ಚೀಲದ ಜೊತೆ ಕೂತರು. ದೊಡ್ಡ ಮಗ ಬೇಗ ಹತ್ತಿ ಇಳಿದು ಅಜ್ಜಿಯ ಜೊತೆಗಾದ. ನಾನು ನಾಲ್ಕು ಕಡೆ ಕೂತು, ನೀರು ಕುಡಿದು ಹತ್ತಿದೆ. ಮೇಲೆ ನಿಂತಾಗ ಬಂಡೆಯ ಮೇಲೆ ಬಂಡೆ ಪೇರಿಸಿದ ಗುಡ್ಡಗಳು, ನಡುವೆ ಗಂಗಾವತಿ ಸೀಮೆಯ ಭತ್ತದ ಹಸಿರು, ತಿರುವಿ ತಿರುವಿ ಹರಿಯುವ ಹೊಳೆ. ಯಾರನ್ನೂ ಕರೆಯದೆ, ಯಾರಿಗೂ ಬಡಿಸದೆ ಹತ್ತು ನಿಮಿಷ ಸುಮ್ಮನೆ ನಿಂತೆ. ಮದುವೆಯಾದ ಮೇಲೆ ಹಾಗೆ ನಿಂತದ್ದು ನೆನಪಿಲ್ಲ.

ಊರು: ಊಟದ ನಂತರ ಆನೆಗುಂದಿ ಪೇಟೆ. ಇದು ಸಮನೆಲ, ಅತ್ತೆಯವರ ಸರದಿ. ಕಮಾನು ಕಿಟಕಿಗಳ ಗಗನಮಹಲಿನ ಎದುರು ನಿಂತು ಅವರು ಕೇಳಿದ್ದು ಒಂದೇ ಮಾತು: "ಇಷ್ಟ ದೊಡ್ಡ ಮನಿ ಕಸಾ ಯಾರು ಹೊಡೀತಿದ್ರೋ!" ಎಲ್ಲರೂ ನಕ್ಕರು. ನನಗೆ ಮಾತ್ರ ಅದು ನಿಜವಾದ ಪ್ರಶ್ನೆ ಎನ್ನಿಸಿತು. ರಾಜರ ಹೆಸರು ಪುಸ್ತಕದಲ್ಲಿದೆ, ಅವರಿಗೆ ಬುತ್ತಿ ಕಟ್ಟಿದವರ ಹೆಸರು ಎಲ್ಲಿದೆ?

ಹುಚ್ಚಪ್ಪಯ್ಯನ ಮಠದ ಕರಿಕಲ್ಲಿನ ಕಂಬಗಳನ್ನು ತಪ್ಪದೆ ನೋಡಿ. ಕಡೆದ ಬಳೆಯಷ್ಟು ನುಣುಪು. ಒಂಬತ್ತು ಯತಿಗಳ ನವವೃಂದಾವನ ಹೊಳೆಯ ನಡುಗಡ್ಡೆಯಲ್ಲಿದೆ, ದೋಣಿಯಲ್ಲಿ ಹೋಗಬೇಕು. ಡ್ಯಾಮಿನಿಂದ ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ಹಟ ಹಿಡಿಯಬೇಡಿ. ಎಲ್ಲವನ್ನೂ ಒಂದೇ ದಿನ ಮುಗಿಸುವ ಆಸೆಯೂ ಬೇಡ. ಗುಡ್ಡದ ಕೋಟೆ ನಾವು ಇನ್ನೊಂದು ಸಲಕ್ಕೆ ಇಟ್ಟುಕೊಂಡೆವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಗಾವತಿ ಬಸ್ ನಿಲ್ದಾಣದಲ್ಲಿದ್ದೆವು. ರಾತ್ರಿಯ ಅಡುಗೆ? ಉಳಿದ ರೊಟ್ಟಿಗೆ ಹಿಂಡಿ, ಮೊಸರು. ಅಂದು ಒಲೆ ಹಚ್ಚಲಿಲ್ಲ.

ಸೋದರಿಯರೇ, ಈ ಚಳಿಗಾಲ ನೀವು ಹೊರಟರೆ ಸಾಮಾನಿನ ಪಟ್ಟಿಯ ಮೇಲ್ಗಡೆ ಒಂದು ಸಾಲು ಬರೆದುಕೊಳ್ಳಿ: ಚೀಲ ಕಾಯುವ ಸರದಿ ಯಾರದು, ಯಾವಾಗ? ಅದರಲ್ಲಿ ನಿಮ್ಮ ಹೆಸರು ಒಂದು ಸಲ ಇರಲಿ, ಇಡೀ ದಿನಕ್ಕೆ ಬೇಡ. ಮನೆಯ ಹಿರಿಯರನ್ನೂ ಕೇಳಿ. ಬರುತ್ತಾರೋ ಇಲ್ಲವೋ, ಕೇಳಿದರೆ ಅವರ ಮುಖ ಅರಳುತ್ತದೆ.

ಮುಂದಿನ ಸಂಚಿಕೆಯಲ್ಲಿ ಅವರೆಕಾಳಿನೊಂದಿಗೆ ಭೇಟಿಯಾಗೋಣ.